ಊಟದ ಬಿಡುವಿನ ಹತ್ತು ನಿಮಿಷ

ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಡ್ರಿಲ್ ಕಲಿಸಿದವರು ಆಕೆ. ಆಟದ ಬಯಲಿನಲ್ಲಿ ಹೊಸ ಕಟ್ಟಡ ಎದ್ದ ವರ್ಷ ಕೆಲಸ ಹೋಯಿತು, ಸೀಟಿ ಟೀಚರ್ ಎಂಬ ಅಡ್ಡಹೆಸರು ಮಾತ್ರ ಹೋಗಲಿಲ್ಲ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಕರೆಸಿಕೊಂಡರು. ಬಡಾವಣೆಯ ಜನರಿಗೆ ವ್ಯಾಯಾಮದ ರೂಢಿ ಹಿಡಿಸುವ ಯೋಜನೆ ಬಂದಿತ್ತು, ಒಂದು ವರ್ಷದ್ದು.

ಮೊದಲು ಕೇಂದ್ರದ ಹಿಂದಿನ ಹಾಲ್‌ನಲ್ಲಿ ಬೆಳಿಗ್ಗೆ ಆರೂವರೆಗೆ ತರಗತಿ ಇಟ್ಟರು. ಹನ್ನೊಂದು ಜನ ಬಂದರು. ಹನ್ನೊಂದೂ ಜನ ಮೊದಲಿನಿಂದಲೇ ದಿನಾ ವಾಕಿಂಗ್ ಹೋಗುವವರು.

"ಹೊಟ್ಟೆ ತುಂಬಿದವರಿಗೇ ಬಡಿಸಿದ ಹಾಗಾಯ್ತು ಮೇಡಂ," ಎಂದರು ಟೀಚರ್.

"ಬರೋಕಾಗದವರ ಹತ್ರ ನೀವೇ ಹೋಗಿ," ಎಂದು ಡಾಕ್ಟರಮ್ಮ ಹಿಂದಿನ ಬೀದಿಯ ಅಂಗಿ ಕಾರ್ಖಾನೆ ತೋರಿಸಿದರು. ಅಲ್ಲಿ ಅರವತ್ತು ಹೆಂಗಸರು. ಊದಿದ ಕಾಲು, ಬೆನ್ನುನೋವು, ಸಕ್ಕರೆ ಕಾಯಿಲೆ ಎಂದು ವಾರಕ್ಕೆ ನಾಲ್ವರಾದರೂ ಡಾಕ್ಟರಮ್ಮನ ಮುಂದೆ ಬಂದು ಕೂರುತ್ತಿದ್ದರು.

ಕಾರ್ಖಾನೆಯ ಸೂಪರ್‌ವೈಸರ್ ಒಂದೇ ಮಾತಿಗೆ ಒಪ್ಪಿದ. ಊಟದ ಬಿಡುವಿಗೆ ಹತ್ತು ನಿಮಿಷ ಸೇರಿಸಿ, ಹೊಲಿಗೆ ಮೆಷಿನ್‌ಗಳ ಸಾಲಿನ ನಡುವೆ. ಮೊದಲ ದಿನ ಟೀಚರ್ "ಎಲ್ಲರೂ ಮೈ ಬಗ್ಗಿಸಿ" ಎಂದಾಗ ಗುಂಡಿ ಹೊಲಿಯುವ ಹೆಂಗಸೊಬ್ಬಳು ನಕ್ಕುಬಿಟ್ಟಳು.

"ಬೆಳಗಿಂದ ಮೈ ಬಗ್ಗಿಸೋದೇ ನಮ್ಮ ಕೆಲಸ. ನೆಟ್ಟಗೆ ಮಾಡೋದು ಹೇಳ್ಕೊಡಿ ಟೀಚರ್!"

ಸಾಲುಸಾಲಿಗೆಲ್ಲ ನಗು ಹಬ್ಬಿತು. ಟೀಚರೂ ನಕ್ಕರು. ರಾತ್ರಿ ಕೂತು ಹಳೆಯ ಪಾಠವನ್ನೆಲ್ಲ ಬದಲಿಸಿದರು. ಬಗ್ಗುವುದು ಕಮ್ಮಿ, ಎದೆ ಅಗಲಿಸಿ ತೋಳೆತ್ತುವುದು ಹೆಚ್ಚು. ಐದನೆಯ ವಾರ ಅದೇ ಗುಂಡಿಯವಳು ಬಂದು, "ಎರಡು ವರ್ಷದಿಂದ ನನ್ನ ತಲೆ ಮಗಳೇ ಬಾಚ್ತಿದ್ಲು. ಇವತ್ತು ನಾನೇ ಬಾಚ್ಕೊಂಡೆ," ಎಂದಳು. ಆ ಸಂಜೆ ಟೀಚರ್ ಈ ಸುದ್ದಿಯನ್ನು ಗಂಡನಿಗೆ ಮೂರು ಸಲ ಹೇಳಿದರು.

ನಾಲ್ಕನೆಯ ತಿಂಗಳಲ್ಲಿ ಗುಂಡಿಯವಳು ಗೇಟಿನ ಹೊರಗೆ ಕಾದು ನಿಂತಿದ್ದಳು.

"ಟೀಚರ್, ತಪ್ಪು ತಿಳ್ಕೋಬೇಡಿ. ನಾಳೆಯಿಂದ ಬರಬೇಡಿ."

"ಯಾಕಮ್ಮ? ನೋವು ಜಾಸ್ತಿ ಆಯ್ತಾ?"

"ಇಲ್ಲ. ನಿಮ್ಮ ಹತ್ತು ನಿಮಿಷಕ್ಕೆ ಸಂಜೆ ಹದಿನೈದು ನಿಮಿಷ ಜಾಸ್ತಿ ನಿಲ್ಲಿಸ್ಕೋತಾರೆ. ಬಸ್ಸು ತಪ್ಪುತ್ತೆ. ನಡ್ಕೊಂಡು ಮನೆ ಸೇರೋಕೆ ಮುಕ್ಕಾಲು ಗಂಟೆ."

"ಯಾವಾಗಿಂದ?"

"ಮೊದಲನೇ ದಿನದಿಂದ."

"ಒಬ್ಬರಾದ್ರೂ ಹೇಳಬಾರದಿತ್ತಾ!"

"ನೀವು ಅಷ್ಟು ಖುಷಿಯಾಗಿದ್ರಲ್ಲ. ಹೇಗೆ ಹೇಳೋದು?"

ಟೀಚರ್ ನೇರ ಸೂಪರ್‌ವೈಸರ್ ಬಳಿ ಹೋದರು. ಅವನು ತಲೆಯೆತ್ತಲೂ ಇಲ್ಲ.

"ಅಂಗಿ ಕಮ್ಮಿ ಆದ್ರೆ ಮೇಲಿನವರು ನನ್ನ ಕತ್ತು ಹಿಡೀತಾರೆ. ಹತ್ತು ನಿಮಿಷ ಪುಕ್ಕಟೆ ಬರುತ್ತಾ ಟೀಚರ್?"

"ಮತ್ತೆ ಯಾಕೆ ಒಪ್ಪಿದ್ರಿ?"

"ಗೋಡೆಗೆ ವ್ಯಾಯಾಮದ ಫೋಟೋ ಬೇಕಿತ್ತು. ಮಾಲು ಕೊಳ್ಳೋಕೆ ಬಂದವರು ನೋಡ್ತಾರೆ."

ಮರುದಿನ ಟೀಚರ್ ಹೋಗಲಿಲ್ಲ. ತರಗತಿ ನಿಂತಿತು, ಸಂಜೆಯ ಹದಿನೈದು ನಿಮಿಷ ನಿಲ್ಲಲಿಲ್ಲ. ಅಭ್ಯಾಸವಾಗಿದೆಯಲ್ಲ, ಇರಲಿ ಎಂದನಂತೆ ಸೂಪರ್‌ವೈಸರ್. ಡಾಕ್ಟರಮ್ಮ ಎರಡು ಪತ್ರ ಬರೆದರು, ಉತ್ತರ ಬರಲಿಲ್ಲ. ಟೀಚರ್ ಬಸ್ ಡಿಪೋಗೆ ಐದು ಸಲ ಅಲೆದು, ಸಂಜೆಯ ಬಸ್ಸನ್ನು ಸ್ವಲ್ಪ ತಡವಾಗಿ ಬಿಡಿ ಎಂದು ಬೇಡಿಕೊಂಡರು. "ಒಬ್ಬರಿಗೆ ಮಾಡಿದ್ರೆ ಊರಿಗೆಲ್ಲ ಮಾಡಬೇಕಾಗುತ್ತೆ," ಎಂದು ಅಲ್ಲಿಯ ಗುಮಾಸ್ತ ಕೈ ತೊಳೆದುಕೊಂಡ. ಆಮೇಲೆ ಎಷ್ಟೋ ಸಂಜೆ ಆಕೆ ಕಾರ್ಖಾನೆಯಿಂದ ಹೆಂಗಸರ ಜೊತೆ ನಡೆದರು. ದಾರಿಯುದ್ದಕ್ಕೂ ಯಾರಾದರೂ ಒಬ್ಬರ ಚೀಲ ಹಿಡಿದುಕೊಳ್ಳುತ್ತಿದ್ದರು, ಅಷ್ಟೆ.

ವರ್ಷದ ಕೊನೆಗೆ ಮೇಲಿನ ಕಚೇರಿಯಿಂದ ಸಮೀಕ್ಷೆಯವರು ಬಂದರು. ದಿನಕ್ಕೆ ಎಷ್ಟು ಹೊತ್ತು ನಡೆಯುತ್ತೀರಿ ಎಂದು ಕಾರ್ಖಾನೆಯ ಹೆಂಗಸರನ್ನೂ ಕೇಳಿದರು. ಅವರು ಇದ್ದದ್ದನ್ನೇ ಹೇಳಿದರು: ಮುಕ್ಕಾಲು ಗಂಟೆ. ಬಡಾವಣೆಯಲ್ಲಿ ನಡೆಯುವ ರೂಢಿ ಗಣನೀಯವಾಗಿ ಹೆಚ್ಚಿದೆ, ಯೋಜನೆ ಯಶಸ್ವಿ ಎಂದು ವರದಿ ಬಂತು. ಯಾಕೆ ನಡೆಯುತ್ತಾರೆಂದು ಟೀಚರ್ ಕೈಯಾರೆ ಬರೆದು ಕೊಟ್ಟಿದ್ದ ಒಂದೂವರೆ ಪುಟ ಅದರಲ್ಲಿ ಇರಲಿಲ್ಲ.

"ಇನ್ನೂ ಎರಡು ಕಾರ್ಖಾನೆಯವರು ಒಪ್ಪಿದ್ದಾರೆ. ಇನ್ನೊಂದು ವರ್ಷ ಮಾಡ್ತೀರಾ?" ಡಾಕ್ಟರಮ್ಮ ಕೇಳುವಾಗ ಅವರ ದನಿಯಲ್ಲೂ ಜೀವವಿರಲಿಲ್ಲ.

"ಇಲ್ಲ ಮೇಡಂ. ಯಾರಾದ್ರೂ ಖುಷಿಯಿಂದ ಕೈ ಎತ್ತಿದ್ರೂ ಈಗ ನನಗೆ ನಂಬಿಕೆ ಬರಲ್ಲ."

ಆಕೆ ಈಗ ಒಂದು ನೋಟ್‌ಬುಕ್ ಅಂಗಡಿಯ ಕೌಂಟರಿನಲ್ಲಿದ್ದಾರೆ. ಕಾರ್ಖಾನೆಯ ಹೆಂಗಸರು ಮಕ್ಕಳ ಪುಸ್ತಕಕ್ಕೆ ಆಗೊಮ್ಮೆ ಈಗೊಮ್ಮೆ ಬರುತ್ತಾರೆ. ಬಂದವರಿಗೆ ಟೀಚರ್ ತಾವು ಕೂತ ಸ್ಟೂಲನ್ನೇ ಎಳೆದು ಕೊಟ್ಟು, ಪುಸ್ತಕವನ್ನು ಆದಷ್ಟು ನಿಧಾನವಾಗಿ ಕಟ್ಟುತ್ತಾರೆ.