ತಂಗಿಯ ಕೈಯೂಟ ಬಿಟ್ಟ ಮೇಲೆ

ಸ್ಟೀಲ್ ಲೋಟದ ತಳವನ್ನು ತಟ್ಟೆಯ ಮೇಲೆ ಒತ್ತಿ ತಿರುವಿದರೆ ಗರಗರ ಎಂದು ಒಂದು ಸದ್ದು ಬರುತ್ತದೆ. ಚನ್ನಪಟ್ಟಣದ ನಮ್ಮ ಅಡುಗೆಮನೆಯಿಂದ ದಿನಾ ಮಧ್ಯಾಹ್ನ ಅದು ಕೇಳುತ್ತಿತ್ತು. ಪಕ್ಕದ ಬೊಂಬೆ ಕಾರ್ಖಾನೆಯ ಮೆಷೀನಿನ ಗಲಾಟೆಯ ನಡುವೆ ತೀರಾ ಸಣ್ಣ ಸದ್ದು. ತಂಗಿ ಮೆಣಸು ಪುಡಿ ಮಾಡುತ್ತಿದ್ದಾಳೆ ಎಂದು ನಾನು ಎರಡು ವರ್ಷ ಅಂದುಕೊಂಡಿದ್ದೆ. ಅವಳು ಅರೆಯುತ್ತಿದ್ದದ್ದು ನನ್ನ ಮಾತ್ರೆಯನ್ನು.

ನನಗೆ ಸ್ಕಿಜೋಫ್ರೇನಿಯಾ. ಈ ಪದವನ್ನು ಇಂಗ್ಲಿಷಿನಲ್ಲಿ ಸ್ಪೆಲ್ಲಿಂಗ್ ತಪ್ಪದೆ ಬರೆಯಬಲ್ಲವಳು ನಮ್ಮ ಮನೆಯಲ್ಲಿ ನಾನೊಬ್ಬಳೇ. ಅಪ್ಪ ರೇಷ್ಮೆಗೂಡಿನ ವ್ಯಾಪಾರಿ. ಹಿರಿಯವಳೊಬ್ಬಳಾದರೂ ಇಂಗ್ಲಿಷ್ ಕಲಿಯಲಿ ಎಂದು ನನ್ನನ್ನು ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದರು. ತಂಗಿ ಊರಿನ ಕನ್ನಡ ಶಾಲೆಗೆ ಹೋದಳು, ಏಳನೇ ಕ್ಲಾಸಿಗೆ ಬಿಟ್ಟಳು. ನಾನು ಟೀಚರ್ ಆದೆ. ಮೂವತ್ತು ತುಂಬುವ ಮೊದಲೇ ಕಿವಿಯೊಳಗೆ ಒಂದು ಧ್ವನಿ ಶುರುವಾಯಿತು, ಕೆಲಸ ಹೋಯಿತು, ಮದುವೆಯ ಮಾತಂತೂ ಯಾರೂ ಎತ್ತಲಿಲ್ಲ. ಧ್ವನಿ ಮಾತಾಡುವುದು ಇಂಗ್ಲಿಷಿನಲ್ಲಿ, ವೆರಿ ಪೊಲೈಟ್, ನಮ್ಮ ಬೋರ್ಡಿಂಗಿನ ಸಿಸ್ಟರುಗಳ ಹಾಗೆ. ‘ಡೋಂಟ್ ಈಟ್ ದಟ್, ಚೈಲ್ಡ್’ ಎನ್ನುತ್ತದೆ. ಅದನ್ನು ತಿನ್ನಬೇಡ ಮಗೂ ಅಂತ. ನನಗೆ ಎಪ್ಪತ್ತು ಹತ್ತಿರವಾದರೂ ಅದಕ್ಕೆ ನಾನು ಚೈಲ್ಡೇ.

ಯಾರು ಏನು ಕೊಟ್ಟರೂ ಅದರಲ್ಲಿ ವಿಷವಿದೆ ಎಂದು ಆ ಧ್ವನಿ ಹೇಳುತ್ತಿತ್ತು. ತಂಗಿಯ ಕೈಯೂಟ ಒಂದೇ ಅದಕ್ಕೆ ಒಪ್ಪಿಗೆ. ಅದೇಕೋ ನನಗೂ ಗೊತ್ತಿಲ್ಲ. ಬೈರಾಪಟ್ಟಣದಲ್ಲಿ ಗಂಡ ತೀರಿಕೊಂಡ ಮೇಲೆ ಅವಳು ನನ್ನ ಜೊತೆ ಇರಲು ಬಂದಳು. ಅವಳು ಮುದ್ದೆ ಕಟ್ಟಿ ತಟ್ಟೆಗಿಟ್ಟರೆ ಧ್ವನಿ ತೆಪ್ಪಗಾಗುತ್ತಿತ್ತು. ಆದರೆ ಮಾತ್ರೆಯನ್ನು ಮಾತ್ರ ನಾನು ಅವಳ ಕೈಯಿಂದಲೂ ನುಂಗುತ್ತಿರಲಿಲ್ಲ. ಬೇಡಿದಳು, ಅತ್ತಳು, ದೇವರ ಮೇಲೆ ಆಣೆ ಹಾಕಿಸಿದಳು. ಕಡೆಗೆ ತನಗೆ ತೋಚಿದ್ದನ್ನು ಮಾಡಿದಳು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಅವಳಿಗೆ ಅಷ್ಟೇ ಸಾಕಾಯಿತು.

ಆ ಎರಡು ವರ್ಷ ನಾನು ಚೆನ್ನಾಗಿದ್ದೆ. ಪೇಪರ್ ಓದುತ್ತಿದ್ದೆ, ಬೀದಿಯ ಹೆಣ್ಣುಮಕ್ಕಳಿಗೆ ಗ್ರಾಮರ್ ಹೇಳಿಕೊಡುತ್ತಿದ್ದೆ. ಎಲ್ಲ ನನ್ನ ವಿಲ್‌ಪವರ್ ಎಂದು ಒಳಗೊಳಗೇ ಬೀಗುತ್ತಿದ್ದೆ.

ಒಂದು ದಿನ ಅವಳು ಎರಡು ಮಾತ್ರೆ ಸ್ಟ್ರಿಪ್ ಹಿಡಿದುಕೊಂಡು ಬಂದಳು.

“ಅಕ್ಕಾ, ಒಸಿ ಕನ್ನಡಕ ಹಾಕ್ಕೊ. ಇವೆರಡೂ ಒಂದೇನಾ ನೋಡು. ಮೆಡಿಕಲ್ಸ್‌ನೋನು ಬ್ಯಾರೆ ಕಂಪ್ನೀದು ಕೊಟ್ಟವ್ನೆ.”

“ಯಾರದೇ ಇದು?”

“ನಂದು ಕಣಕ್ಕ. ಬೀಪಿದು.”

ಕಂಪನಿಯ ದಪ್ಪಕ್ಷರದ ಕೆಳಗೆ ಔಷಧಿಯ ಹೆಸರು ಸಣ್ಣಕ್ಷರದಲ್ಲಿತ್ತು. ಆ ಹೆಸರಿನ ಮಾತ್ರೆಯನ್ನು ಹತ್ತಾರು ವರ್ಷ ಕಿಟಕಿಯಿಂದಾಚೆ ಎಸೆದವಳು ನಾನು. ಎರಡರ ಮೇಲೂ ಅದೇ ಇತ್ತು.

“ಒಂದೇ,” ಅಂದೆ.

“ಸದ್ಯ ಬುಡು,” ಎಂದು ಅವಳು ಒಳಕ್ಕೆ ಹೋದಳು. ತಪ್ಪು ಮಾತ್ರೆ ಕೊಟ್ಟು ನನಗೆ ಏನಾದರೂ ಆದೀತೆಂಬ ಹೆದರಿಕೆ ಅವಳಿಗೆ. ಕೇಳಲು ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಇನ್ಯಾರಿದ್ದರು? ನನ್ನನ್ನೇ ಕೇಳಿದಳು. ಇದೆಲ್ಲ ಈಗ ತಿಳಿಯುತ್ತದೆ. ಆವತ್ತು ಮುದ್ದೆಯ ಮುಂದೆ ಕೂತಾಗ ತಿಳಿದದ್ದು ಒಂದೇ. ಧ್ವನಿ ಅಷ್ಟು ಕಾಲ ಹೇಳಿದ್ದರಲ್ಲಿ ಮೊಟ್ಟಮೊದಲ ಸಲ ಒಂದು ಮಾತು ನಿಜವಾಗಿತ್ತು. ‘ಸೀ? ಈವನ್ ಹರ್,’ ಅಂದಿತು. ನೋಡಿದೆಯಾ, ಇವಳೂ.

ಊಟ ಬಿಟ್ಟೆ. ಪ್ಯಾಕೆಟ್ ಬಿಸ್ಕತ್ತು, ಅದೂ ನಾನೇ ಒಡೆದದ್ದು, ಅಷ್ಟೇ. ಹತ್ತು ದಿನಕ್ಕೆ ನಲ್ಲಿಯ ಹತ್ತಿರ ತಲೆ ಸುತ್ತಿ ಬಿದ್ದೆ. ರಾಮನಗರದ ಆಸ್ಪತ್ರೆಯೊಂದರ ಸೈಕಿಯಾಟ್ರಿ ವಾರ್ಡಿಗೆ ಸೇರಿಸಿದರು.

ಅಲ್ಲಿ ಸೇಫ್ಟಿ ಪಿನ್ನು, ಬಳೆ, ಲಂಗದ ಲಾಡಿ ಎಲ್ಲ ತೆಗೆದಿಟ್ಟುಕೊಂಡರು. ಪಿನ್ನಿಲ್ಲದೆ ನನಗೆ ಸೀರೆ ನಿಲ್ಲದು. ಮಂಡಿಯ ಮೇಲೆ ಸ್ಕರ್ಟ್ ಹೋದರೆ ಫೈನ್ ಹಾಕುವ ಶಾಲೆಯಲ್ಲಿ ಬೆಳೆದವಳು, ಗಂಡಸು ಡಾಕ್ಟರುಗಳ ಮುಂದೆ ಯಾರದೋ ನೈಟಿಯಲ್ಲಿ ಕೂರುತ್ತಿದ್ದೆ. ರೋಗಿಯ ಜೊತೆ ಮನೆಯವರೊಬ್ಬರು ಇರಲೇಬೇಕೆಂಬುದು ವಾರ್ಡಿನ ರೂಲ್. ತಂಗಿ ನನ್ನ ಮಂಚದ ಪಕ್ಕ ಚಾಪೆ ಹಾಸಿದಳು. ನಾನು ಅವಳ ಕಡೆ ಬೆನ್ನು ಮಾಡಿ ಮಲಗುತ್ತಿದ್ದೆ.

ಮೊದಲ ದಿನ ಅವಳು ತಟ್ಟೆ ತಂದಾಗ ಕೈಯಿಂದ ತಳ್ಳಿಬಿಟ್ಟೆ. ಅನ್ನವೆಲ್ಲ ನೆಲಕ್ಕೆ. “ಯೂ ಪಾಯ್ಸನ್ಡ್ ಮೀ, ಯೂ ಪಾಯ್ಸನ್ಡ್ ಮೀ ಎವ್ರಿ ಸಿಂಗಲ್ ಡೇ,” ಎಂದು ಕೂಗಿದೆ. ದಿನಾ ವಿಷ ಹಾಕಿದೆ ಅಂತ. ಅವಳಿಗೆ ಅರ್ಥವಾಗಲಿಲ್ಲ. ನೆಲ ಬಳಿಯುತ್ತಾ ನರ್ಸನ್ನು ಕೇಳಿದಳು.

“ನಮ್ಮಕ್ಕ ಏನಂದ್ಲು ಸಿಸ್ಟರೇ?”

“ಹಸಿವಿಲ್ಲವಂತೆ ಅಮ್ಮ.”

“ಅಷ್ಟುದ್ದ ಅಂದ್ಲಲ್ಲಾ. ಬರೀ ಹಸಿವಿಲ್ಲ ಅಂತಾನಾ?”

ನರ್ಸ್ ಮುಂದಿನ ಮಂಚಕ್ಕೆ ಹೋದಳು.

ಅಲ್ಲಿದ್ದದ್ದು ಕುದೂರಿನ ಒಬ್ಬಾಕೆ, ಮಗಳನ್ನು ವಾರ್ಡಿಗೆ ಸೇರಿಸಿ ಜೊತೆಗಿದ್ದವಳು. ದೊಡ್ಡ ಬಾಯಿ. ಡಾಕ್ಟರಿಗೂ ಹೋಗೋ ಬಾರೋ ಅನ್ನುವವಳು. ಅವಳ ಕೈಯಿಂದ, ಹೇಗೋ, ನಾನು ತಿಂದೆ. ಆಮೇಲೆ ತಂಗಿ ನನ್ನ ತಟ್ಟೆಯನ್ನು ಅವಳ ಕೈಗೆ ಕೊಡುವುದು, ಅವಳು ನನಗೆ ಕೊಡುವುದು, ಹಾಗೆ ನಡೆಯಿತು.

“ಏನ್ ಮಿಸ್ಸು, ತಂಗಿ ಕೊಟ್ರೆ ಇಸ, ನಾನ್ ಕೊಟ್ರೆ ಪಾಯಸವಾ? ಒಂದೇ ಹಂಡೇದು ಕಣವ್ವಾ ಎರಡೂವೆ!” ಎಂದು ಅವಳು ಇಡೀ ವಾರ್ಡಿಗೆ ಕೇಳುವಂತೆ ನಗುತ್ತಿದ್ದಳು.

“ರೇಗಿಸ್ಬೇಡಿ ಬುಡಿ. ನಿಮ್ ಕೈಯಾಗಾದ್ರೂ ತಿಂತಾಳಲ್ಲ,” ಎಂದು ತಂಗಿ ಗೋಡೆಗೆ ತಿರುಗಿ ತನ್ನ ತಟ್ಟೆಗೆ ಕೈ ಹಾಕುತ್ತಿದ್ದಳು.

ಇಂಜೆಕ್ಷನ್‌ಗಳಾದವು. ತಿಂಗಳು ಕಳೆಯುವ ಹೊತ್ತಿಗೆ ಧ್ವನಿ ದೂರ ಹೋಯಿತು. ತಂಗಿ ಹಾಕಿದ್ದು ವಿಷವಲ್ಲ, ಆ ಎರಡು ವರ್ಷ ನನ್ನನ್ನು ಮನುಷ್ಯಳಾಗಿ ಇಟ್ಟಿದ್ದೇ ಅದು ಎಂದು ಡಾಕ್ಟರ್ ಹೇಳಿದರು. ಹೇಳದೆ ಕೊಟ್ಟದ್ದು ಸರಿಯಲ್ಲ ಎಂದು ಅವಳಿಗೂ ಹೇಳಿದರು. ಅವಳು ತಲೆ ತಗ್ಗಿಸಿದಳು. ನಾನು ಎಲ್ಲವನ್ನೂ ಒಪ್ಪಿದೆ. ಬುದ್ಧಿಗೆ ತಿಳಿಯಿತು, ಗಂಟಲಿಗೆ ತಿಳಿಯಲಿಲ್ಲ. ಅವಳು ಬಾಳೆಹಣ್ಣು ಸುಲಿದು ಕೊಟ್ಟರೂ ಗಂಟಲು ಮುಚ್ಚಿಕೊಳ್ಳುತ್ತಿತ್ತು.

ಡಿಸ್ಚಾರ್ಜ್ ದಿನ ಡಾಕ್ಟರ್ “ತಂಗಿ ಜೊತೆ ಮನೆಗೆ ಹೋಗ್ತೀರಾ?” ಎಂದು ಕೇಳಿದರು. “ನೋ,” ಅಂದೆ. ಅಷ್ಟು ಇಂಗ್ಲಿಷ್ ಅವಳಿಗೂ ಬರುತ್ತಿತ್ತು.

ಕನಕಪುರ ರಸ್ತೆಯಲ್ಲಿ ನನ್ನಂಥ ಹೆಂಗಸರಿಗೆಂದು ಇರುವ ಒಂದು ಹೋಮಿಗೆ ಬಂದೆ. ಇಲ್ಲಿ ದೊಡ್ಡ ಪಾತ್ರೆಯಿಂದ ಎಲ್ಲರಿಗೂ ಬಡಿಸುತ್ತಾರೆ, ಮಾತ್ರೆಯನ್ನು ಅಂಗೈಗೆ ಹಾಕಿ ನಿಂತು ನೋಡುತ್ತಾರೆ. ನುಂಗುತ್ತೇನೆ. ತಂಗಿ ತಿಂಗಳಿಗೊಮ್ಮೆ ಬರುತ್ತಿದ್ದಳು. ಮೊದಮೊದಲು ಡಬ್ಬಿ ತರುತ್ತಿದ್ದಳು, ಹಿತಕಿದ ಅವರೆಬೇಳೆ ಸಾರು, ಒತ್ತುಶಾವಿಗೆ. ಮುಚ್ಚಳ ತೆಗೆದು ತಾನೇ ಒಂದು ತುತ್ತು ತಿಂದು ತೋರಿಸುತ್ತಿದ್ದಳು. ಆಮೇಲೆ ತಿನ್ನುತ್ತೇನೆ ಎಂದು ನಾನು ಅನ್ನುತ್ತಿದ್ದೆ. ಹೋಗುವಾಗ ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಒಂದು ವರ್ಷದ ನಂತರ ತರುವುದನ್ನು ಬಿಟ್ಟಳು.

ಹೋದ ಚಳಿಗಾಲದಲ್ಲಿ ಮಾಗಡಿಯಿಂದ ಅವಳ ಮಗಳು ಬಂದು, ಅಮ್ಮ ಹೋಗಿ ಹದಿನಾರು ದಿನವಾಯಿತು, ಕಾರ್ಯವೆಲ್ಲ ಮುಗಿಯಿತು ಎಂದಳು. ಮೊದಲೇ ಹೇಳಿದರೆ ನನಗೆ ಮತ್ತೆ ಜಾಸ್ತಿಯಾದೀತೆಂದು ಹೇಳಲಿಲ್ಲವಂತೆ. ಅದೂ ನನ್ನ ಒಳ್ಳೆಯದಕ್ಕೇ.

ಅದಕ್ಕೆ ಮುಂಚಿನ ತಿಂಗಳು, ಮಧ್ಯಾಹ್ನ ತಂಗಿ ಬಂದಿದ್ದಳು. ಬಸ್ಸಿನಲ್ಲಿ ನಿಂತೇ ಬಂದಳಂತೆ, ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ಸೀಟೇ ಸಿಗುವುದಿಲ್ಲ ಎಂದಳು. ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತು ಸೆರಗಿನಿಂದ ಕತ್ತು ಒರೆಸಿಕೊಂಡಳು.

“ಬಾಯಾರ್ತೈತೆ ಅಕ್ಕಾ, ಒಸಿ ನೀರ್ ಕೊಡು.”

ಒಳಗೆ ಹೋಗಿ ಲೋಟದಲ್ಲಿ ತಂದೆ. ಅವಳು ಅದರೊಳಗೆ ನೋಡಲಿಲ್ಲ. ಕಣ್ಣು ಮುಚ್ಚಿ ಗಟಗಟ ಕುಡಿದಳು, ಗಲ್ಲದಿಂದ ರವಿಕೆಗೂ ಇಳಿಯಿತು.

“ಇನ್ನೊಸಿ ಐತಾ?”

ಇನ್ನೊಮ್ಮೆ ತಂದೆ. ಅದನ್ನೂ ಕುಡಿದಳು. ಮುಂದಿನ ಸಲ ಡಬ್ಬಿ ತಾರೇ, ಪ್ರಯತ್ನ ಮಾಡ್ತೀನಿ ಎನ್ನುವ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಪ್ರಯತ್ನ ಮಾಡಿ ಆಗದಿದ್ದರೆ ಅವಳು ಅದನ್ನೂ ಹೊತ್ತುಕೊಂಡು ಹೋಗಬೇಕಲ್ಲ ಅನ್ನಿಸಿತು. ಖಾಲಿ ಲೋಟ ಈಸಿಕೊಂಡೆ.

“ಬತ್ತೀನಿ ಕಣಕ್ಕ,” ಎಂದು ಎದ್ದಳು. ಬಸ್ ಬಂದಾಗ ಆಧಾರ್ ಕಾರ್ಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಕಂಬಿ ಹಿಡಿದು ಮೈಯನ್ನು ಮೇಲಕ್ಕೆಳೆದುಕೊಂಡಳು. “ಒಳೀಕ್ ಹೋಗಜ್ಜಿ, ಡೋರ್ ಹಾಕ್ಬೇಕು,” ಎಂದ ಕಂಡಕ್ಟರ್. ಅವಳು ಒಳಕ್ಕೆ ಹೋದಳು.