ಹಾರೂಗೇರಿಯಿಂದ ಚಿಕ್ಕೋಡಿಗೆ ಹೋದ ಹಾಲು

ಎಂಟನೇ ತಿಂಗಳು ಹಿಡಿದು ವಾರವೂ ಆಗಿರಲಿಲ್ಲ, ನನಗೆ ಬಿಪಿ ಏರಿತು. ಹಾರೂಗೇರಿಯ ದವಾಖಾನೆಯಲ್ಲಿ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು, ಒಂದೂಕಾಲು ಕಿಲೋ. ನನಗೆ ಎಚ್ಚರವಾಗುವಷ್ಟರಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಚಿಕ್ಕೋಡಿಯ ದೊಡ್ಡ ದವಾಖಾನೆಗೆ ಒಯ್ದಿದ್ದರು. ನನ್ನ ಗಂಡ ಜೊತೆಗೆ ಹೋಗಿದ್ದರು. ಮಗಳ ಮುಖವನ್ನು ನಾನು ಮೊದಲು ನೋಡಿದ್ದು ಅವರು ಮೊಬೈಲಿಗೆ ಕಳಿಸಿದ ಫೋಟೋದಲ್ಲಿ. ಅದರಲ್ಲೂ ಅರ್ಧ ಮುಖವನ್ನು ಪಟ್ಟಿ ಮುಚ್ಚಿತ್ತು.

ಮರುದಿನ ಮುಂಜಾನೆ ಅವರ ಫೋನು ಬಂತು.

"ಡಾಕ್ಟರು ನಿನ್ನ ಹಾಲು ಬೇಕಂತಾರ. ಹನಿ ಆದ್ರೂ ನಡೀತೈತಂತ. ಇಷ್ಟ ಲಗೂ ಹುಟ್ಟಿದ ಕೂಸಿನ ಕರಳು ಇನ್ನೂ ಹಸಿ ಇರತಾವ, ಬ್ಯಾರೆ ಹಾಲು ತಡಕೊಳ್ಳೂದಿಲ್ಲಂತ."

ನರ್ಸ್ ನನ್ನ ಕಾಟಿನ ಬಳಿ ಕೂತು ಕೈಯಿಂದ ಹಿಂಡುವುದನ್ನು ಕಲಿಸಿದಳು. ಹೊಲಿಗೆ ಉರಿಯುತ್ತಿತ್ತು. ಅರ್ಧ ತಾಸು ಹಿಂಡಿದ ಮೇಲೆ ಸಿರಿಂಜಿನ ತುದಿಯಲ್ಲಿ ಒಂದಿಷ್ಟು ಕೂಡಿತು. ಅರಿಶಿಣದ ಬಣ್ಣ, ಅಂಟು ಅಂಟು. ಅತ್ತೆ ಅದನ್ನು ನೋಡಿ ಮುಖ ಸಿಂಡರಿಸಿದರು.

"ಇದು ಕೆಟ್ಟ ಹಾಲು. ಮೂರು ದಿನದ್ದು ಚಲ್ಲಬೇಕು. ನಾ ಮೂರೂ ಮಕ್ಕಳಿಗಿ ಚಲ್ಲೇನಿ. ಮನಿಯಾಗ ಆಕಳ ಹಾಲ ಐತಿ, ನೀರ ಬೆರಸಿ ಕಳಸೂಣು."

"ಬ್ಯಾಡ್ರಿ ಅಮ್ಮಾ," ಎಂದಳು ನರ್ಸ್. "ನೆಲಾ ಸಾರಿಸಿದಂಗ ಇದು ಕೂಸಿನ ಕರಳ ಒಳಗ ಸಾರಿಸತೈತ್ರಿ. ರೋಗದ ಹುಳ ಹೊಗಾಕ ಬಿಡೂದಿಲ್ಲ."

"ನಾವೇನು ಮಕ್ಕಳನ್ನ ಸಾಕಿಲ್ಲೇನು?"

ಸಿರಿಂಜನ್ನು ಮುಷ್ಟಿಯಲ್ಲಿ ಹಿಡಿದು ನಾನು ಮಲಗಿದ್ದೆ. ಎದುರಾಡುವ ಧೈರ್ಯವೂ ಇರಲಿಲ್ಲ, ಕೊಡುವ ಮನಸ್ಸೂ ಇರಲಿಲ್ಲ. ಅಷ್ಟರಲ್ಲಿ ಹೊರಗೆ ಕೂತಿದ್ದ ಮಾವ ಎದ್ದು ಬಾಗಿಲಿಗೆ ಬಂದರು. ಪಾಲಬಾವಿಯ ಆ ಮನೆಗೆ ನಾನು ಬಂದು ನಾಲ್ಕು ವರ್ಷವಾಗಿತ್ತು. ಅಷ್ಟು ದಿನದಲ್ಲಿ ಅವರೊಂದಿಗೆ ನಾಲ್ಕು ಮಾತು ನೆಟ್ಟಗೆ ಆಡಿದವಳಲ್ಲ. ಅವರು ನನ್ನ ಕಡೆ ನೋಡದೆ ಗೋಡೆಗೆ ಹೇಳಿದಂತೆ ಹೇಳಿದರು.

"ಗಿಣ್ಣದ ಹಾಲು ಕುಡೀದ ಕರಾ ವಾರದಾಗ ಹೊಟ್ಟಿ ಕೆಟ್ಟು ಸಾಯ್ತೈತಿ. ಅದಕ್ಕ ಮೊದಲ ಕರಕ್ಕ ಬಿಟ್ಟು ಆಮ್ಯಾಲ ನಾವು ಹಿಂಡತೇವಿ. ಮನಿ ಕೂಸಿಂದು ಚಲ್ಲತೀರೇನು? ಕೊಡ್ರಿ, ನಾ ಒಯ್ಯತೇನಿ."

ಅವತ್ತಿನಿಂದ ದಿನಕ್ಕೆ ಎರಡು ಸಲ ಮಾವ ತಮ್ಮ ಹಳೆಯ ಬೈಕಿನ ಮೇಲೆ ಚಿಕ್ಕೋಡಿಗೆ ಹೋಗಿ ಬಂದರು. ಸ್ಟೀಲಿನ ಡಬ್ಬಿಯಲ್ಲಿ ಐಸು, ಐಸಿನ ನಡುವೆ ಸಿರಿಂಜು, ಡಬ್ಬಿಯ ಸುತ್ತ ಟಾವೆಲ್ಲು. ಕಬ್ಬಿನ ಹಂಗಾಮು, ದಾರಿ ತುಂಬ ಟ್ರ್ಯಾಕ್ಟರುಗಳು. ಹೊತ್ತು ಮುಳುಗಿದ ಮೇಲೆ ಉಣ್ಣುವ ಮನೆಯಲ್ಲ ನಮ್ಮದು, ಜೈನರದು. ಅವರು ವಾಪಸು ಬರುವಷ್ಟರಲ್ಲಿ ದಿನಾ ಕತ್ತಲಾಗಿರುತ್ತಿತ್ತು. ಒಂದೇ ಹೊತ್ತಿನ ಊಟದ ಮೇಲೆ ಇದ್ದಾರೆಂದು ನನಗೆ ತಿಳಿದದ್ದು ಬಹಳ ದಿನಗಳ ನಂತರ.

ನಾಲ್ಕನೇ ದಿನ ರಾಯಬಾಗದ ಹತ್ತಿರ ಕಬ್ಬಿನ ಟ್ರೇಲರ್ ಅಡ್ಡ ಬಿದ್ದು ದಾರಿ ಬಂದಾಯಿತು. ಎರಡು ತಾಸು. ಅವರು ಮುಟ್ಟುವಷ್ಟರಲ್ಲಿ ಐಸು ಕರಗಿ ಹಾಲು ಬೆಚ್ಚಗಾಗಿತ್ತು. ಅದನ್ನು ಕುಡಿಸಲು ಬರುವುದಿಲ್ಲವೆಂದು ಅಲ್ಲಿ ಹೇಳಿದರು. ಆ ದಿನ ಕೂಸಿಗೆ ಅಂಗಡಿಯ ಡಬ್ಬಿ ಪುಡಿಯ ಹಾಲು ಹೋಯಿತು.

ಮರುದಿನ ಗಂಡನ ದನಿಯಿಂದಲೇ ಏನೋ ಆಗಿದೆಯೆಂದು ತಿಳಿಯಿತು.

"ಹೊಟ್ಟಿ ಉಬ್ಬೈತಿ. ಮೂಗಿನ ನಳಿಯಾಗ ಹಸರು ಬರಾಕತ್ತೈತಿ. ಹಾಲು ಬಂದ್ ಮಾಡ್ಯಾರ."

"ನಂದೂ?"

"ನಿಂದೂ. ಕರಳು ತೂತಾದ್ರ ಬೆಳಗಾವಿಗೆ ಒಯ್ದು ಆಪರೇಷನ್ ಮಾಡಬೇಕಂತ."

ಡಬ್ಬಿ ಹಾಲಿನಿಂದಲೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ. ದಿನ ತುಂಬದ ಕೂಸಿಗೆ ತಾಯಿಯ ಹಾಲು ಕುಡಿದರೂ ಒಮ್ಮೊಮ್ಮೆ ಹೀಗಾಗುತ್ತದೆ, ಆದರೆ ಕಡಿಮೆ ಎಂದರು. ಮಾವ ಮಾತ್ರ ತಮ್ಮನ್ನೇ ಹಳಿದುಕೊಂಡರು.

ಆ ಹೊತ್ತಿಗೇ ನನಗೆ ಹಾಲು ಕಟ್ಟೊಡೆದಂತೆ ಬಂದಿತ್ತು. ಎದೆ ಕಲ್ಲಾಗಿತ್ತು, ಕುಡಿಯುವವರಿರಲಿಲ್ಲ. ಯಾಕಾಗಿ ಹಿಂಡಲಿ ಎಂದು ಗೋಡೆಗೆ ಮುಖ ಮಾಡಿ ಮಲಗಿದೆ. ಅತ್ತೆ ಬಿಸಿನೀರಲ್ಲಿ ಅದ್ದಿದ ಅರಿವೆ ತಂದು ಎದೆಯ ಮೇಲಿಟ್ಟರು. ಆಕಳ ಹಾಲಿನ ಮಾತು ತೆಗೆಯುತ್ತಾರೆಂದುಕೊಂಡಿದ್ದೆ.

"ಏಳವ್ವಾ, ಹಿಂಡು. ಈಗ ನಿಲ್ಲಿಸಿದ್ರ ಬತ್ತಿ ಹೋಗತೈತಿ. ಆಕಿ ಕೇಳಿದಾಗ ಎಲ್ಲಿಂದ ತರೂದು?" ಎಂದರು.

ಆರನೇ ದಿನ ನನ್ನನ್ನು ದವಾಖಾನೆಯಿಂದ ಬಿಟ್ಟರು. ಮನೆಗೆ ಹೋಗದೆ ನೇರ ಚಿಕ್ಕೋಡಿಗೆ ಹೋದೆ. ಗಾಜಿನಾಚೆ ಮಗಳು ಮಲಗಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬಿಗಿದು ಮಿಂಚುತ್ತಿತ್ತು, ಮೇಲೆ ನೀಲಿ ನರ. ಆಗಾಗ ನರ್ಸ್ ಟೇಪು ತಂದು ಹೊಟ್ಟೆಯ ಸುತ್ತಳತೆ ನೋಡುತ್ತಿದ್ದಳು. ನಾವು ಟೇಪನ್ನು ಬಿಟ್ಟು ನರ್ಸಿನ ಮುಖ ನೋಡುತ್ತಿದ್ದೆವು.

ಮಾವ ಮೆಟ್ಟಿಲ ಮೇಲೆ ಕೂತಿದ್ದರು. ಸೆರಗು ಸರಿಮಾಡಿಕೊಂಡು ಹತ್ತಿರ ಹೋಗಿ ನಾನೇ ಮಾತಾಡಿಸಿದೆ.

"ಮಾವಾರ, ನಿಮ್ಮ ತಪ್ಪಲ್ರಿ."

"ಎರಡ ತಾಸು ನಿಂತ್ನೆವ್ವಾ," ಎಂದರು. "ಗಾಡಿ ಅಲ್ಲೇ ಒಗದು ನಡಕೋತ ಹೋಗಬೇಕಿತ್ತು."

ನಡೆದು ಮುಟ್ಟುವ ದಾರಿ ಅದಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ನಾನು ಒಂದು ಮೆಟ್ಟಿಲು ಕೆಳಗೆ ಕೂತೆ.

ನಾನು ಚಿಕ್ಕೋಡಿಗೆ ಬಂದ ಮೂರನೇ ದಿನ ಟೇಪಿನ ಅಳತೆ ಏರಲಿಲ್ಲ. ನಾಲ್ಕನೇ ದಿನ ಇಳಿಯಿತು. ಎಕ್ಸರೇ ಮೇಲೆ ಎಕ್ಸರೇ ತೆಗೆದು, ಮತ್ತೂ ಕೆಲವು ದಿನ ಕಾಯಿಸಿ, ಡಾಕ್ಟರು ನನ್ನನ್ನು ಒಳಗೆ ಕರೆದರು.

"ಒಂದ ಎಂಎಲ್ ಕೊಟ್ಟು ನೋಡೂಣ. ನಿಮ್ಮದ ಹಾಲು, ಬ್ಯಾರೆ ಏನೂ ಬ್ಯಾಡ. ಹೊಟ್ಟಿಯೊಳಗ ಒಳ್ಳೆ ಹುಳಾನೂ ಇರತಾವ. ಅವಕ್ಕ ಬೇಕಾದ ತಿನಿಸು ನಿಮ್ಮ ಹಾಲಿನಾಗ ಐತಿ. ಅವು ಬೆಳದು ಜಾಗಾ ಹಿಡದ್ರ ಕೆಟ್ಟವು ನೆಲಿ ನಿಲ್ಲೂದಿಲ್ಲ."

ಸಿರಿಂಜು ನನ್ನ ಕೈಗೇ ಕೊಟ್ಟರು. ಹಾಲು ನಳಿಕೆಯಲ್ಲಿ ಮೆಲ್ಲಗೆ ಇಳಿಯಿತು. ಆಮೇಲಿನ ಮೂರು ತಾಸು ನಾನು ನೀರೂ ಕುಡಿಯಲಿಲ್ಲ. ಮೂರು ತಾಸಿಗೆ ನರ್ಸ್ ನಳಿಕೆ ಎಳೆದು ನೋಡಿದಳು. ಹಸಿರು ಇರಲಿಲ್ಲ, ಹಾಲೂ ಉಳಿದಿರಲಿಲ್ಲ.

"ಪಚನ ಆಗೈತ್ರಿ," ಎಂದಳು.

ಎರಡು ದಿನ ಬಿಟ್ಟು ಮಗಳು ಸಾಸಿವೆ ಬಣ್ಣದ ಮಲ ಮಾಡಿದಳು. ನರ್ಸ್ ಆ ಡೈಪರನ್ನು ಗಾಜಿನ ಹತ್ತಿರ ತಂದು ಬಿಚ್ಚಿ ತೋರಿಸಿದಳು. ಮಾವ ಎದ್ದು ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಹಾಗೇ ನಿಂತರು.

ತಿಂಗಳ ಮೇಲೆ ಅವಳನ್ನು ನನ್ನ ಮಡಿಲಿಗೆ ಹಾಕಿ, ಎದೆಗೆ ಹಚ್ಚಿ ನೋಡಿರೆಂದರು. ನಾಲ್ಕು ಸಲ ಚೀಪಿ, ದಣಿದು, ಎದೆ ಬಿಡದೆ ನಿದ್ದೆ ಹೋದಳು. ನಾನು ಗಲ್ಲ ತಟ್ಟಲು ಹೋದರೆ ಅತ್ತೆ ನನ್ನ ಕೈ ಹಿಡಿದರು.

"ಇರಲಿ ಬಿಡು, ಎಬ್ಬಸಬ್ಯಾಡ. ಎದ್ದಾಗ ಕುಡೀತಾಳ."