ಅಕ್ಷರವಿದ್ದ ಕಸ

ಮೂವತ್ತೊಂದು ವರ್ಷ ನಾನು ಪುರಸಭೆಯಲ್ಲಿ ಕಸದ ಕೆಲಸ ನೋಡಿಕೊಂಡವನು. ಹೆಲ್ತ್ ಇನ್ಸ್‌ಪೆಕ್ಟರ್ ಎನ್ನುವುದು ಕಾಗದದ ಮೇಲಿನ ಹೆಸರು. ಚನ್ನಪಟ್ಟಣದ ಬೀದಿಗಳಲ್ಲಿ ನಾನು ‘ಕಸದ ರಾಮಲಿಂಗಯ್ಯ’. ಆ ಹೆಸರಿನ ಮೇಲೆ ನನಗೆ ಬೇಸರವಿಲ್ಲ, ಇಟ್ಟವರ ಮೇಲೆ ಇದೆ. ನಮ್ಮೂರಿನವರಿಗೆ ಹೊಸಿಲಾಚೆಗಿನ ನೆಲವೆಲ್ಲ ಸರ್ಕಾರದ್ದು. ಕೋಳಿ ಪುಕ್ಕದಿಂದ ಹಿಡಿದು ಮುರಿದ ಮಂಚದ ಕಾಲಿನವರೆಗೆ ಎಲ್ಲವನ್ನೂ ಚರಂಡಿಗೆ ತುಂಬಿ, ಮಾರನೆಯ ದಿನ ಚರಂಡಿ ಕಟ್ಟಿಕೊಂಡಿದೆ ಎಂದು ನನಗೇ ಅರ್ಜಿ ಬರೆಯುತ್ತಿದ್ದರು. ಇಂಥ ಊರಿನಲ್ಲಿ ಒಬ್ಬರ ಮನೆಯ ಕಸಕ್ಕೆ ಮಾತ್ರ ನಾನು ಮರ್ಯಾದೆ ಕೊಟ್ಟಿದ್ದೇನೆ. ಅವರ ಹೆಸರು ಬದ್ರುನ್ನೀಸಾ.

2004ರಲ್ಲಿ ಅವರ ಮೇಲೆ ಒಂದು ದೂರು ಬಂತು. ಪ್ರತಿ ಶುಕ್ರವಾರ ಹಿತ್ತಿಲಲ್ಲಿ ಕಸ ಸುಡುತ್ತಾರೆ, ಒಗೆದು ಹಾಕಿದ ಬಟ್ಟೆಗೆಲ್ಲ ಹೊಗೆ ಹಿಡಿಯುತ್ತದೆ ಎಂದು ಪಕ್ಕದ ಮನೆಯವರು ಬರೆದಿದ್ದರು. ನೋಟಿಸ್ ಪುಸ್ತಕ ಹಿಡಿದು ಹೋದೆ. ಐವತ್ತರ ಆಸುಪಾಸಿನ ಹೆಂಗಸು, ಸ್ವಂತ ಬೊಂಬೆ ಕಾರ್ಖಾನೆ, ಎರಡು ಲೇತು. ಅಂಗಳದಲ್ಲಿ ಒಂದು ಕಡ್ಡಿ ಇಲ್ಲ. ಮರದ ಹೊಟ್ಟೆಲ್ಲ ನೀರೊಲೆಗೆಂದು ಗೋಣಿಚೀಲದಲ್ಲಿತ್ತು. ಹಿತ್ತಿಲಲ್ಲಿ ಮಾತ್ರ ಒಂದು ಎಣ್ಣೆ ಡಬ್ಬದೊಳಗೆ ಮದುವೆ ಕಾರ್ಡು, ಹಳೇ ಕ್ಯಾಲೆಂಡರು, ಉರ್ದು ಪೇಪರು ಉರಿಯುತ್ತಿದ್ದವು.

“ಕಸ ಸುಡಬಾರ್ದು ಅಂತ ಗೊತ್ತಿಲ್ವೇನಮ್ಮಾ?” ಎಂದೆ, ಸರ್ಕಾರಿ ದನಿಯಲ್ಲಿ.

“ಇದು ಕಸ ಅಲ್ಲ ಸಾರ್.”

“ಮತ್ತಿನ್ನೇನು?”

“ಅಕ್ಷರ ಐತಲ್ಲ ಇದ್ರಾಗೆ. ಒಸಿ ಕೂತ್ಕೊಳಿ, ಟೀ ಕೊಡ್ತೀನಿ.”

ಟೀ ಎರಡು ಸಲ ಬಂತು, ಕಥೆ ಒಂದೇ ಸಲಕ್ಕೆ ಮುಗಿಯಿತು. ಆ ದಿನ ಅವರು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬದ್ರುನ್ನೀಸಾ ಬೊಂಬೆ ಮಾಡುವವರ ಗಲ್ಲಿಯಲ್ಲೇ ಹುಟ್ಟಿ ಅದೇ ಗಲ್ಲಿಗೆ ಸೊಸೆಯಾದವರು. ಗಂಡ ಮುಕ್ತಿಯಾರ್ ಹಾಲೆಮರವನ್ನು ಲೇತಿನಲ್ಲಿ ಕಡೆಯುತ್ತಿದ್ದರು. ಇವರು ತಿರುಗುವ ಬೊಂಬೆಗೆ ಅರಗಿನ ಬಣ್ಣ ಒತ್ತಿ, ತಾಳೆಗರಿಯಿಂದ ಹೊಳಪು ತರುತ್ತಿದ್ದರು. 1991ರಲ್ಲಿ ಮುಕ್ತಿಯಾರ್ ಎದೆನೋವಿನಿಂದ ತೀರಿಕೊಂಡರು. ಲೇತು, ಕಾರ್ಖಾನೆ, ಮನೆಯ ಮಾತು ಎಲ್ಲವೂ ಗಂಡನ ಅಣ್ಣ ಬಾಬಾಜಾನ್ ಅವರ ಕೈಗೆ ಹೋಯಿತು. ಬಾಬಾಜಾನ್ ಕೆಟ್ಟವರಲ್ಲ, ತಾನು ಹೇಳಿದ್ದೇ ಸರಿ ಎನ್ನುವ ಜಾತಿ. ಕೆಟ್ಟವರನ್ನಾದರೂ ಬೈದು ಸುಮ್ಮನಾಗಬಹುದು, ಇಂಥವರನ್ನು ಸಹಿಸುವುದು ಕಷ್ಟ.

ಬದ್ರುನ್ನೀಸಾಗೆ ಒಬ್ಬಳೇ ಮಗಳು, ಕರೀಮುನ್ನೀಸಾ. ಓದಿನಲ್ಲಿ ಚುರುಕು. ಹುಡುಗಿ ಎಂಟನೇ ತರಗತಿ ಮುಗಿಸುವ ಹೊತ್ತಿಗೆ ಬಾಬಾಜಾನ್ ರಾಮನಗರದ ರೇಷ್ಮೆ ನೂಲು ತೆಗೆಯುವವರ ಮನೆಯಲ್ಲಿ ಗಂಡು ನೋಡಿ ಬಂದರು. ಹತ್ತನೆಯದಾದರೂ ಮುಗಿಯಲಿ ಎಂದು ತಾಯಿ ಅಂಗಲಾಚಿದರು. “ಅಲ್ಲಿವರ್ಗೂ ಸಾಕೋರು ಯಾರು?” ಎಂದರು ಬಾಬಾಜಾನ್. ಮಸ್ಕತ್‌ನಲ್ಲಿ ಮನೆಗೆಲಸ ಮಾಡಿ ಬಂದಿದ್ದ ಹಾಜಿರಾ ಎಂಬ ನೆಂಟರ ಹೆಂಗಸು ಅಲ್ಲೇ ಕೆಲಸಕ್ಕೊಂದು ಮನೆ ತೋರಿಸಿದಳು. ಎರಡು ವರ್ಷದ ಕರಾರು. ಆಗ ಬಾಬಾಜಾನ್ ನಾಲ್ಕು ಜನರ ಮುಂದೆ ಒಂದು ಷರತ್ತು ಹಾಕಿದರು:

“ಎರಡು ವರ್ಷ ಪೂರ್ತಿ ಮುಗಿಸ್ಕೊಂಡು ಬಾ, ಹುಡುಗಿ ಓದ್ಲಿ. ಮಧ್ಯದಾಗೆ ಅವ್ರು ನಿನ್ನ ವಾಪಸ್ ಕಳ್ಸಿದ್ರೆ ಅದೇ ತಿಂಗ್ಳು ನಿಕಾ. ಆಮೇಲೆ ಅಳಂಗಿಲ್ಲ.”

ಬದ್ರುನ್ನೀಸಾ ಒಪ್ಪಿದರು. ಊರು ಬಿಟ್ಟು ಬೆಂಗಳೂರಿನಾಚೆ ಕಾಲಿಡದವರು 1993ರ ಜೂನಿನಲ್ಲಿ ವಿಮಾನ ಹತ್ತಿದರು.

ಮಸ್ಕತ್‌ನ ಮನೆಯೊಡತಿಯನ್ನು ಎಲ್ಲರೂ ಉಮ್ ಸಾಲಿಂ, ಅಂದರೆ ಸಾಲಿಮನ ತಾಯಿ ಎನ್ನುತ್ತಿದ್ದರು. ಆಕೆಗೆ ಅಂಗಡಿಯವರಿಂದ ಕಲಿತ ಹರಕುಮುರುಕು ಹಿಂದಿ ಬರುತ್ತಿತ್ತು, ಅಷ್ಟರಲ್ಲೇ ಇಬ್ಬರ ಸಂಸಾರ ನಡೆಯಬೇಕು. ಒಳ್ಳೆಯ ಹೆಂಗಸು, ಊಟಕ್ಕೆ ಕೊರತೆ ಮಾಡಿದವಳಲ್ಲ. ಮೊದಲ ಬೆಳಿಗ್ಗೆಯೇ ಆಕೆ ಅಡುಗೆಮನೆಯ ನೆಲಕ್ಕೆ ಅರಬ್ಬಿ ಪೇಪರ್ ಹಾಸಿ, ಅದರ ಮೇಲೆ ಒಂದು ದೊಡ್ಡ ಮೀನು ಇಟ್ಟು, ಹೊಟ್ಟೆ ಸೀಳಿ ಕರುಳು ತೆಗೆಯತೊಡಗಿದಳು. ಆಮೇಲೆ ರಕ್ತ, ಕರುಳು, ಪೇಪರು ಎಲ್ಲವನ್ನೂ ಮುದುರಿ ಬದ್ರುನ್ನೀಸಾ ಕೈಗಿತ್ತು, ಬೀದಿಯ ಕಬ್ಬಿಣದ ಡ್ರಮ್ಮಿಗೆ ಹಾಕಿ ಬಾ ಎಂದಳು.

“ಇದ್ನ ಹೆಂಗ್ ಬಿಸಾಕ್ಲಿ ಅಂತ ದಿಗಿಲಾಗ್ಬುಡ್ತು ಸಾರ್” ಎಂದರು ಬದ್ರುನ್ನೀಸಾ.

ಆ ದಿಗಿಲು ಅರ್ಥವಾಗಬೇಕಾದರೆ ಅವರ ಗಲ್ಲಿಯ ಪದ್ಧತಿ ಗೊತ್ತಿರಬೇಕು. ಅವರ ಅಜ್ಜಿ ಕಲಿಸಿದ್ದು ಇಷ್ಟು: ಕುರಾನಿನ ಅಕ್ಷರವಿರುವ ಚೂರು ಕಾಗದ ನೆಲದ ಮೇಲೆ ಕಂಡರೂ ಎತ್ತಿ, ಮುತ್ತಿಟ್ಟು, ಕಣ್ಣಿಗೊತ್ತಿ, ಗೋಡೆಯ ಗೂಡಿನಲ್ಲಿಡಬೇಕು. ಗೂಡು ತುಂಬಿದಾಗ ಸುಟ್ಟು, ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ಕಣ್ವ ಹೊಳೆಗೆ ಬಿಡಬೇಕು. ಹೊಳೆ ಇಲ್ಲದ ಕಡೆ ಯಾರೂ ತುಳಿಯದಂಥ ಮರದ ಬುಡದಲ್ಲಿ ಹೂಳಬೇಕು. ಬದ್ರುನ್ನೀಸಾ ಮದರಸಾದಲ್ಲಿ ಕುರಾನ್ ಓದಲು ಕಲಿತವರು. ಅಕ್ಷರ ಕೂಡಿಸಿ ಉಚ್ಚರಿಸುತ್ತಾರೆ, ಅರ್ಥ ಗೊತ್ತಿಲ್ಲ. ಆ ಗಲ್ಲಿಯ ಅರ್ಧ ಜನ ಹೀಗೆಯೇ. ನಾವೇನು ಕಡಿಮೆಯೇ? ಪುಸ್ತಕಕ್ಕೆ ಕಾಲು ತಗುಲಿದರೆ ಸರಸ್ವತಿ ಎಂದು ಕಣ್ಣಿಗೊತ್ತಿಕೊಳ್ಳುತ್ತೇವೆ, ಸಂಜೆ ಅದೇ ಕನ್ನಡದ ಪೇಪರಿನಲ್ಲಿ ಬೋಂಡದ ಎಣ್ಣೆ ಹಿಂಡಿ ಬೀದಿಗೆಸೆಯುತ್ತೇವೆ. ಅವರು ಎಸೆಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ ಯೋಚಿಸಿ. ಮಸ್ಕತ್‌ನಲ್ಲಿ ಹಾಲಿನ ರಟ್ಟಿನ ಡಬ್ಬದ ಮೇಲೆ ಆ ಅಕ್ಷರ, ಸೋಪಿನ ಪುಡಿಯ ಮೇಲೆ ಆ ಅಕ್ಷರ, ಕೋಳಿ ಸುತ್ತಿ ಬಂದ ಚೀಲದ ಮೇಲೆ, ಇಲಿಪಾಷಾಣದ ಪೊಟ್ಟಣದ ಮೇಲೆ ಕೂಡ ಅದೇ ಅಕ್ಷರ. ಬದ್ರುನ್ನೀಸಾ ಡ್ರಮ್ಮಿನ ತನಕ ಹೋಗಿ, ಸುತ್ತ ನೋಡಿ, ಕರುಳನ್ನಷ್ಟೇ ಅದರೊಳಗೆ ಕೊಡವಿ, ಪೇಪರನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾಪಸ್ ಬಂದರು. ಅಂದಿನಿಂದ ಆ ಮನೆಯ ಕಸ ಎರಡು ಭಾಗವಾಯಿತು. ಅಕ್ಷರವಿಲ್ಲದ್ದು ಡ್ರಮ್ಮಿಗೆ, ಅಕ್ಷರವಿದ್ದದ್ದು ತೊಳೆದು, ಒಣಗಿಸಿ, ಅವರ ಮಂಚದ ಕೆಳಗಿನ ಗೋಣಿಚೀಲಕ್ಕೆ. ತಗಡಿನ ಡಬ್ಬ ಸುಡಲಾಗದಲ್ಲ, ಅದರ ಮೇಲಿನ ಅಕ್ಷರವನ್ನು ಮರಳಿನಲ್ಲಿ ತಿಕ್ಕಿ ತಿಕ್ಕಿ ಅಳಿಸಿ ಎಸೆಯುತ್ತಿದ್ದರು. ಬೊಂಬೆಗೆ ಹೊಳಪು ತಂದ ಕೈ, ಅಷ್ಟು ಹೊತ್ತು ತಿಕ್ಕಲು ಬೇಸರವಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಮನೆಯವರೆಲ್ಲ ಉಮ್ ಸಾಲಿಂ ತವರಿಗೆ ಊಟಕ್ಕೆ ಹೋಗುತ್ತಿದ್ದರು. ಆಗ ಹಿಂಗೋಡೆಯ ಮರೆಯಲ್ಲಿ ಡಬ್ಬದೊಳಗೆ ಬೆಂಕಿ. ಪ್ಲಾಸ್ಟಿಕ್ ಚೀಲಗಳ ಕಪ್ಪು ಹೊಗೆಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತಂತೆ. ಬೂದಿ ಕಟ್ಟಲು ಬಟ್ಟೆ ಬೇಕಲ್ಲ, ಮನೆಯ ಚಿಕ್ಕ ಮಗು ಹಾಕಿ ಬಿಟ್ಟ ಹಳೇ ಫ್ರಾಕೊಂದು ಕಸಕ್ಕೆ ಬಂದಿತ್ತು, ಅದನ್ನೇ ಹರಿದು ಹರಿದು ಗಂಟು ಕಟ್ಟಿದರು. ಹೊಳೆ ಇಲ್ಲದ್ದಕ್ಕೆ ಅಂಗಳದ ಖರ್ಜೂರದ ಮರದ ಬುಡದಲ್ಲಿ ಹೂತರು. ಹನ್ನೊಂದು ತಿಂಗಳು ಹೀಗೆ ನಡೆಯಿತು.

ಹನ್ನೊಂದನೆಯ ತಿಂಗಳಲ್ಲಿ ಆ ಮಗುವಿಗೆ ಜ್ವರ ಹಿಡಿಯಿತು. ಹತ್ತು ದಿನವಾದರೂ ಇಳಿಯಲಿಲ್ಲ, ಆಸ್ಪತ್ರೆಯ ಔಷಧಿ ನಾಟಲಿಲ್ಲ. ಅದೇ ವಾರ ತೋಟದ ಕೆಲಸದವನು ಖರ್ಜೂರಕ್ಕೆ ಪಾತಿ ಮಾಡಲು ಅಗೆದಾಗ ಗಂಟುಗಳು ಒಂದೊಂದಾಗಿ ಮೇಲೆ ಬಂದವು. ಮಗುವಿನ ಫ್ರಾಕಿನ ಬಟ್ಟೆ, ಒಳಗೆ ಬೂದಿ. ಯಾವ ಊರಿನ ತಾಯಿಯಾದರೂ ಏನೆಂದುಕೊಳ್ಳುತ್ತಾಳೆ? ನನ್ನ ಹುಟ್ಟೂರು ಹೊಂಗನೂರಿನಲ್ಲಿ ನಮ್ಮ ಹಿತ್ತಿಲಲ್ಲಿ ಸಿಕ್ಕಿದ್ದರೆ ನಮ್ಮವ್ವ ಅಂದೇ ಮಂತ್ರವಾದಿಯನ್ನು ಕರೆಸುತ್ತಿದ್ದಳು.

ಮಧ್ಯಾಹ್ನ ನಡುಮನೆಯಲ್ಲಿ ಯಜಮಾನ, ಉಮ್ ಸಾಲಿಂ ಕೂತಿದ್ದರು. ಮುಂದೆ ಗಂಟುಗಳು, ಪಕ್ಕದಲ್ಲಿ ಬದ್ರುನ್ನೀಸಾ ಪಾಸ್‌ಪೋರ್ಟು. “ಇದು ನಿನ್ನ ಕೆಲಸವಾ?” ಎಂದಳು ಉಮ್ ಸಾಲಿಂ. ಬದ್ರುನ್ನೀಸಾ ಹೌದೆಂದು ತಲೆಯಾಡಿಸಿದರು. “ಜಾದೂನಾ?” ಎಂದಳು. ಅಲ್ಲ ಎಂದರು. “ಮತ್ತೇನು?” ಎಂದಳು.

ಇಲ್ಲಿ ಬದ್ರುನ್ನೀಸಾ ಬಾಯಿ ಕಟ್ಟಿಹೋಯಿತು. ಏಕೆಂದು ನಾನು ಕೇಳಿದೆ.

“ಹೆಂಗ್ ಹೇಳ್ಲಿ ಸಾರ್? ನೀವು ಅಲ್ಲಾನ ಮಾತ್ನ ಮೀನಿನ ಕರುಳ್ ಜತೇಲಿ ಬಿಸಾಕ್ತೀರ, ನಾನು ನಿಮ್ ಪಾಪ ತೊಳೀತಿದೀನಿ ಅನ್ಲಾ? ಅವ್ರ ಉಪ್ಪು ತಿಂದೋಳು ನಾನು. ಅದೂ ಮಕ್ಕಾದ ಕಡೆಯೋರು ಅವ್ರು, ನಾನು ಚನ್ನಪಟ್ಣದೋಳು.”

ಮೌನಂ ಸಮ್ಮತಿ ಲಕ್ಷಣಂ ಅಂತ ಗಾದೆಯಿದೆಯಲ್ಲ, ಅದು ನಮ್ಮಲ್ಲಷ್ಟೇ ನಡೆಯುವುದಲ್ಲ. ಯಜಮಾನ ಎದ್ದು ನಿಂತು, ಮೊದಲು ಪೊಲೀಸು, ಆಮೇಲೆ ವಿಮಾನ ಎಂದ. ವಿಮಾನ ಎಂಬ ಮಾತು ಕಿವಿಗೆ ಬಿದ್ದದ್ದೇ ಬದ್ರುನ್ನೀಸಾ ಕಣ್ಣಿಗೆ ರಾಮನಗರದ ಆ ಮನೆ, ನೂಲು ತೆಗೆಯುವ ಒಲೆಯ ಮುಂದೆ ಕುದಿನೀರಿಗೆ ಕೈ ಹಾಕಿ ಕೂತ ಹದಿನಾಲ್ಕು ವರ್ಷದ ಮಗಳು ಕಂಡಳು. ಓಡಿಹೋಗಿ ಮಂಚದ ಕೆಳಗಿನ ಗೋಣಿಚೀಲ ಎಳೆದು ತಂದು ನಡುಮನೆಯ ಮಧ್ಯೆ ಸುರಿದರು. ತೊಳೆದ ಹಾಲಿನ ಡಬ್ಬಗಳು, ಮಡಿಸಿದ ಚೀಲಗಳು, ಇಸ್ತ್ರಿ ಮಾಡಿದ ಹಾಗಿದ್ದ ಪೇಪರುಗಳು. ಒಂದನ್ನು ಎತ್ತಿ ಮುತ್ತಿಟ್ಟು ಕಣ್ಣಿಗೊತ್ತಿಕೊಂಡು, ಅಕ್ಷರ ತೋರಿಸಿ, “ಇದು ಕಸಕ್ಕೆ ಹೋಗಬಾರದು, ಅದಕ್ಕೆ ಸುಟ್ಟೆ” ಎಂದು ಅತ್ತರು.

ಉಮ್ ಸಾಲಿಂ ಬಗ್ಗಿ ಒಂದೊಂದನ್ನೇ ಎತ್ತಿ ಓದಿದಳು. ಇದು ಹಾಲು. ಇದು ಬಟ್ಟೆ ಸೋಪು. ಇದು ಕೋಳಿ, ಫ್ರಿಜ್ಜಿನಲ್ಲಿಡಿ ಎಂದು ಬರೆದಿದೆ. ಇದು ಇಲಿಪಾಷಾಣ. ಓದುತ್ತ ಓದುತ್ತ ಆಕೆಗೆ ನಗು ಬಂತು, ಯಜಮಾನನಿಗೂ ಬಂತು. ಬದ್ರುನ್ನೀಸಾಗೆ ಮಾತ್ರ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಹನ್ನೊಂದು ತಿಂಗಳು ಇಲಿಪಾಷಾಣಕ್ಕೆ ಮುತ್ತು ಕೊಟ್ಟಿದ್ದೇನೆ ಎಂಬ ಅವಮಾನ ನನಗೆ ಹೇಳುವಾಗಲೂ ಅವರ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಉಮ್ ಸಾಲಿಂ ಒಂದು ಪೇಪರ್ ಎತ್ತಿದಳು. ಸತ್ತವರ ಪುಟ. ಅಬ್ದುಲ್ಲಾ ಎಂಬವರ ಹೆಸರು, ಮೇಲೆ ಕುರಾನಿನ ಒಂದು ಸಾಲು. ನಗು ನಿಂತಿತು. ಅದನ್ನು ಮಡಿಸಿ, ಎದ್ದುಹೋಗಿ ಎತ್ತರದ ಕಪಾಟಿನಲ್ಲಿಟ್ಟು ಬಂದಳು.

“ಪೇಪರುಗಳನ್ನು ಇನ್ನು ನಾನೇ ನೋಡಿಕೊಳ್ಳುತ್ತೇನೆ. ಡಬ್ಬ, ಚೀಲ, ಪೊಟ್ಟಣ ಎಲ್ಲ ಡ್ರಮ್ಮಿಗೆ. ನೀನೇ ಹಾಕಬೇಕು. ಬೂದಿ ಕಂಡರೆ ಆ ದಿನವೇ ವಿಮಾನ” ಎಂದಳು. ಪಾಸ್‌ಪೋರ್ಟು ಬೀರುವಿಗೆ ಹೋಯಿತು. ಮೂರು ದಿನದ ಮೇಲೆ ಮಗುವಿನ ಜ್ವರ ತಾನಾಗಿ ಇಳಿಯಿತು.

ಇಲ್ಲಿಗೆ ಕಥೆ ಸುಖಾಂತ ಎಂದುಕೊಂಡು ನಾನು ಟೀ ಲೋಟ ಕೆಳಗಿಟ್ಟೆ. “ಸದ್ಯ ಬುಡಮ್ಮ, ಹಾಲಿನ ಡಬ್ಬ ಅಂತ ಗೊತ್ತಾಯ್ತಲ್ಲ, ಆಮೇಲೆ ಬಿಸಾಕೋಕೆ ಏನು ಕಷ್ಟ?” ಎಂದೆ. ಕಸದವನ ಬುದ್ಧಿ ಅಷ್ಟಕ್ಕೇ ಓಡುವುದು.

“ಹಾಲು ಅಂತ ತಲೆಗ್ ಗೊತ್ತಾಯ್ತು ಸಾರ್. ಕೈಗೆ ಗೊತ್ತಾಗ್ಬೇಕಲ್ಲ. ಅಲ್ಲಾ ಅಂತ ಬರೆಯೋ ಅಲಿಫ್, ಲಾಮ್ ಆ ಡಬ್ಬದ್ಮೇಲೂ ಹಂಗೇ ಐತೆ.”

ಇತ್ತ ದರಿ, ಅತ್ತ ಪುಲಿ. ಸುಟ್ಟರೆ ಮಗಳ ಓದು ಹೋಯಿತು, ಎಸೆದರೆ ಅಜ್ಜಿ ಕಲಿಸಿದ್ದು ಹೋಯಿತು. ಬದ್ರುನ್ನೀಸಾ ಎಸೆದರು. ಮೊದಲ ದಿನ ಡ್ರಮ್ಮಿನ ಹತ್ತಿರ ಎಷ್ಟೋ ಹೊತ್ತು ನಿಂತಿದ್ದು, ಕಣ್ಣು ಮುಚ್ಚಿಕೊಂಡು ಚೀಲ ಬಿಟ್ಟರಂತೆ. ಒಳಕ್ಕೆ ಬಂದು ವಾಂತಿ ಮಾಡಿಕೊಂಡರು. ಎರಡನೆಯ ದಿನ ವಾಂತಿಯಾಗಲಿಲ್ಲ. ಕೊನೆಯ ತನಕ ಅಭ್ಯಾಸವೂ ಆಗಲಿಲ್ಲ. ಎರಡು ವರ್ಷ ಪೂರ್ತಿ ಮುಗಿಸಿ 1995ರಲ್ಲಿ ಊರಿಗೆ ಬಂದಾಗ ಕರೀಮುನ್ನೀಸಾ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಬಾಬಾಜಾನ್ ಆಡಿದ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ತಾಯಿ ಮಸ್ಕತ್‌ನ ಉಳಿತಾಯದಲ್ಲಿ ಸ್ವಂತ ಲೇತು ಹಾಕಿಕೊಂಡರು, ಹುಡುಗಿ ಟೀಚರ್ ಟ್ರೈನಿಂಗ್ ಮಾಡಿದಳು. ನಾನು ನೋಟಿಸ್ ಪುಸ್ತಕ ಹಿಡಿದು ಹೋದ ವರ್ಷ ಅವಳು ನನ್ನೂರು ಹೊಂಗನೂರಿನಲ್ಲೇ ಒಂದನೇ ತರಗತಿಯ ಮಕ್ಕಳಿಗೆ ಅ, ಆ, ಇ, ಈ ತಿದ್ದಿಸುತ್ತಿದ್ದಳು.

ನೋಟಿಸ್ ಬರೆಯಲಿಲ್ಲ. ಪಕ್ಕದ ಮನೆಯವರು ಬಟ್ಟೆ ಒಣಗಿಸದ ಹೊತ್ತು ನೋಡಿ ಹಚ್ಚಿ ಎಂದಷ್ಟೇ ಹೇಳಿದೆ. ಏಳುವಾಗ ಬಾಯಿ ತಡೆಯದೆ ಕೇಳಿಬಿಟ್ಟೆ: “ಅಷ್ಟೆಲ್ಲ ಎಸೆದ್ರಲ್ಲ, ಈಗ ಪಾಪ ಅನ್ನಿಸ್ತದಾ ಅಮ್ಮ?”

ಬದ್ರುನ್ನೀಸಾ ಟೀ ಲೋಟಗಳನ್ನು ಎತ್ತಿಕೊಂಡರು.

“ಮಗ್ಳು ನಾಕು ಅಕ್ಷರ ಕಲೀಲಿ ಅಂತ ಹದಿಮೂರು ತಿಂಗ್ಳು ಅಕ್ಷರಾನ ಕಸದ ಡ್ರಮ್ಮಿಗ್ ಹಾಕ್ದೆ ಸಾರ್. ಅಲ್ಲಾ ಕೇಳಿದ್ರೆ ಇದನ್ನೇ ಹೇಳ್ತೀನಿ. ಬೇರೆ ಏನೂ ಹೇಳಾಕಿಲ್ಲ.”